ಕಲ್ಲಿಗೆ ಹೆಪ್ಪು

ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಮೊಸರಾಗಿರುತ್ತದೆ. ಎರಡು ದಿನ ಮರೆತರೆ ಹುಳಿಯೇರಿ, ಊಟಕ್ಕೆ ಕುಳಿತವರ ಮುಖ ಕಿವಿಚುವಂತೆ ಮಾಡುತ್ತದೆ. ದೋಸೆಯ ಹಿಟ್ಟಿನ ಕಥೆಯೂ ಇದೇ. ಈ ಹುಳಿಯ ಹಿಂದೆ ಕಣ್ಣಿಗೆ ಕಾಣದ ಜೀವಿಗಳ ಕೈವಾಡವಿದೆಯೆಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಹಾಲು, ಹಿಟ್ಟು, ಹಣ್ಣಿನ ರಸ ಇವೆಲ್ಲ ಹುಳಿಯುವುದು ಸಹಜ. ಅವು ಜೀವದಿಂದ ಬಂದ ಪದಾರ್ಥಗಳು. ಆದರೆ ಕಲ್ಲು ಹುಳಿಯುತ್ತದೆಯೆಂದರೆ ಯಾರು ನಂಬಿಯಾರು? ಕನ್ನಡದಲ್ಲಿ ಕಲ್ಲೆಂದರೆ ಬದಲಾಗದ್ದು ಎಂದೇ ಅರ್ಥ. ಕರಗದ ಮನಸ್ಸನ್ನು ಕಲ್ಲುಮನಸ್ಸೆನ್ನುತ್ತಾರೆ. ಹಿಂದಿನ ಅರಸರು ತಾವು ಕೊಟ್ಟ ದಾನ ಸೂರ್ಯಚಂದ್ರರಿರುವವರೆಗೂ ನಿಲ್ಲಲೆಂದು ಅದನ್ನು ಕಲ್ಲಿನ ಮೇಲೆಯೇ ಕೊರೆಸಿದರು.

ಆದರೂ ಕಲ್ಲು ಹುಳಿಯುವುದುಂಟು. ಅದಕ್ಕೂ ಹೆಪ್ಪಿನಂಥದೊಂದು ಉಂಟು. ಆ ಹೆಪ್ಪು ಒಮ್ಮೆ ಹಿಡಿಯಿತೆಂದರೆ ಹುಳಿಯುವುದು ಒಂದು ಪಾತ್ರೆಯಲ್ಲ. ಇಡೀ ಬೆಟ್ಟ, ಅದರ ಕೆಳಗಿನ ಹಳ್ಳ, ಹಳ್ಳ ಸೇರುವ ಹೊಳೆ.

ದಕ್ಷಿಣ ಸ್ಪೇನಿನ ಉಯೆಲ್ವಾ ಪ್ರಾಂತದಲ್ಲಿ ರಿಯೋ ತಿಂತೋ ಎಂಬ ನದಿಯೊಂದಿದೆ. ರಿಯೋ ಎಂದರೆ ಅಲ್ಲಿಯವರ ಮಾತಿನಲ್ಲಿ ನದಿ. ತಿಂತೋ ಎಂದರೆ ಬಣ್ಣವೇರಿದ್ದು. ಕೆಂಪು ದ್ರಾಕ್ಷಾರಸಕ್ಕೂ ಅವರು ಇದೇ ಮಾತನ್ನು ಬಳಸುತ್ತಾರೆ. ಹೆಸರಿಗೆ ತಕ್ಕಂತೆ ನದಿಯ ನೀರು ಕೆಂಪು. ಮಳೆಗಾಲದಲ್ಲಿ ತುಂಗಭದ್ರೆಯೂ ಕೆಂಪಾಗಿ ಹರಿಯುತ್ತಾಳೆ. ಆದರೆ ಆ ಕೆಂಪು ಮಣ್ಣಿನದು, ಬಿಂದಿಗೆಯಲ್ಲಿ ಹಿಡಿದಿಟ್ಟರೆ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ತಿಂತೋ ನದಿಯ ಕೆಂಪು ನೀರಿನಲ್ಲಿಯೇ ಕರಗಿದ ಕಬ್ಬಿಣದ್ದು. ಲೋಟದಲ್ಲಿ ಹಿಡಿದರೆ ಅದು ಹಾಲು ಬೆರೆಸದ ಚಹದಂತೆ ತಿಳಿಯಾಗಿಯೂ ಇರುತ್ತದೆ, ಕೆಂಪಾಗಿಯೂ ಇರುತ್ತದೆ.

ಬಣ್ಣಕ್ಕಿಂತ ಬೆರಗಾಗಿಸುವುದು ಅದರ ಹುಳಿ. ಹುಳಿಯನ್ನು ಅಳೆಯಲು ರಸಾಯನಶಾಸ್ತ್ರಜ್ಞರು ಪಿ.ಎಚ್. ಎಂಬ ಮಾನವನ್ನಿಟ್ಟುಕೊಂಡಿದ್ದಾರೆ. ಶುದ್ಧವಾದ ನೀರಿಗೆ ೭ ಅಂಕ. ಅಂಕ ಒಂದಿಳಿದರೆ ಹುಳಿ ಹತ್ತರಷ್ಟು ಏರಿತೆಂದು ಲೆಕ್ಕ. ತಿಂತೋದ ನೀರಿನ ಅಂಕ ೨ರಿಂದ ೨.೫ರ ಆಸುಪಾಸಿನಲ್ಲಿರುತ್ತದೆ; ಎಂದರೆ ನಿಂಬೆಹಣ್ಣಿನ ರಸಕ್ಕೆ ಹೆಚ್ಚುಕಡಮೆ ಸರಿಸಮ. ಪಾನಕ ಮಾಡುವಾಗ ನಿಂಬೆರಸಕ್ಕೆ ನೀರು ಬೆರೆಸುತ್ತಾರೆ. ಇಲ್ಲಿ ನದಿಗೆ ನದಿಯೇ ನಿಂಬೆರಸ. ಸುಮಾರು ೧೦೦ ಕಿಲೋಮೀಟರು ಹರಿದು, ಉಯೆಲ್ವಾ ಪಟ್ಟಣದ ಬಳಿ ಕಡಲ ನೀರು ಎದುರಾಗುವವರೆಗೂ ಅದರ ಹುಳಿ ಇಳಿಯುವುದಿಲ್ಲ. ಅಂಥ ನೀರಿನಲ್ಲಿ ಮೀನು ಬದುಕುವುದು ಅಸಾಧ್ಯ. ಇದೇ ನದಿಯ ಅಳಿವೆಯ ದಡದಲ್ಲಿ ಪಾಲೋಸ್ ಎಂಬ ಊರಿದೆ. ಇಂಡಿಯಾವನ್ನು ಹುಡುಕಲೆಂದು ಕೊಲಂಬಸ್ ೧೪೯೨ರಲ್ಲಿ ಹಡಗು ಬಿಟ್ಟದ್ದು ಆ ಊರಿನಿಂದಲೇ.

ನದಿ ಹುಟ್ಟುವ ಬೆಟ್ಟಗಳಲ್ಲಿ ತಾಮ್ರವಿದೆ, ಬೆಳ್ಳಿಯಿದೆ, ಚಿನ್ನವಿದೆ. ಮನುಷ್ಯ ಅಲ್ಲಿ ಅಗೆಯಲು ತೊಡಗಿ ಸುಮಾರು ೫೦೦೦ ವರ್ಷಗಳಾದುವೆಂದು ಪುರಾತತ್ತ್ವಜ್ಞರ ಎಣಿಕೆ. ರೋಮನರು ಅಲ್ಲಿ ಆಳವಾದ ಗಣಿಗಳನ್ನು ತೋಡಿದರು. ಕೆಳಗೆ ತುಂಬಿಕೊಂಡ ನೀರನ್ನು ಮೇಲಕ್ಕೆತ್ತಲು ಮರದ ದೊಡ್ಡ ಚಕ್ರಗಳನ್ನು ಒಂದರ ಮೇಲೊಂದು ಹೂಡಿದರು. ಅಂಥ ಚಕ್ರದ ಭಾಗವೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರೋಮನರ ಸಾಮ್ರಾಜ್ಯ ಅಳಿಯಿತು, ಗಣಿಗಳು ಬಹುಕಾಲ ಪಾಳುಬಿದ್ದುವು. ೧೮೭೩ರಲ್ಲಿ ಸ್ಪೇನಿನ ಸರ್ಕಾರ ಹಣದ ಅಡಚಣೆಯಿಂದ ಅವುಗಳನ್ನು ವಿದೇಶದ ಬಂಡವಳಿಗರಿಗೆ ಮಾರಿತು. ನದಿಯ ಹೆಸರನ್ನೇ ಇಟ್ಟುಕೊಂಡು ಇಂಗ್ಲಿಷರ ಕಂಪನಿಯೊಂದು ಹುಟ್ಟಿತು. ಗಣಿಯಿಂದ ಬಂದರಿನವರೆಗೆ ರೈಲಿನ ದಾರಿ ಬಂತು, ಬೆಟ್ಟದ ಮೇಲೆ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳು ಬಂದುವು, ಅವರ ಕಾಲ್ಚೆಂಡಿನ ಆಟವೂ ಬಂತು. ಸ್ಪೇನಿನ ಅತಿ ಹಳೆಯ ಫುಟ್‌ಬಾಲ್ ಸಂಘ ೧೮೮೯ರಲ್ಲಿ ಉಯೆಲ್ವಾದಲ್ಲಿ ಹುಟ್ಟಿದ್ದು ಈ ಗಣಿಯ ಸಂಬಂಧದಿಂದ.

ಅದಕ್ಕೆ ಒಂದು ವರ್ಷ ಹಿಂದೆ ನಡೆದದ್ದು ಮಾತ್ರ ಆಟವಲ್ಲ. ಗಂಧಕ ತುಂಬಿದ ಅದಿರನ್ನು ಬಯಲಿನಲ್ಲಿ ಬೆಟ್ಟದಂತೆ ಒಟ್ಟಿ, ಬೆಂಕಿಯಿಟ್ಟು, ತಿಂಗಳುಗಟ್ಟಲೆ ಸುಡುವುದು ಆಗಿನ ಪದ್ಧತಿಯಾಗಿತ್ತು. ಆ ಹೊಗೆಗೆ ಗಿಡಮರಗಳು ಒಣಗಿದುವು, ಬೆಳೆ ಕೆಟ್ಟಿತು, ಜನರ ಎದೆ ಕಟ್ಟಿತು. ೧೮೮೮ರ ಫೆಬ್ರವರಿ ೪ರಂದು ರೈತರೂ ಗಣಿಯ ಕೂಲಿಗಳೂ ಹೆಂಡಿರು ಮಕ್ಕಳೊಡನೆ ಊರಿನ ಚೌಕದಲ್ಲಿ ನೆರೆದು, ಈ ಹೊಗೆಯನ್ನು ನಿಲ್ಲಿಸಬೇಕೆಂದೂ ಕೂಲಿಯ ಕಷ್ಟಗಳನ್ನು ನಿವಾರಿಸಬೇಕೆಂದೂ ಕೇಳಿದರು. ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ೧೩ ಮಂದಿ. ಊರಿನವರ ನೆನಪಿನಲ್ಲಿ ನೂರಕ್ಕೂ ಮಿಕ್ಕು. ಆ ವರ್ಷವನ್ನು ಅಲ್ಲಿಯ ಜನ ಈಗಲೂ ಗುಂಡಿನ ವರ್ಷವೆಂದೇ ಕರೆಯುತ್ತಾರೆ.

ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಅದನ್ನು ಎಬ್ಬಿಸಿದವರಾರೆಂಬುದು ಯಾರಿಗೂ ತಿಳಿಯುತ್ತದೆ. ಅದರ ವಿರುದ್ಧ ಚೌಕದಲ್ಲಿ ನಿಂತು ಕೂಗಬಹುದು. ಆದರೆ ನದಿ ಏಕೆ ಹುಳಿ? ಬೆಂಕಿ ಆರಿದಮೇಲೂ, ಗಣಿ ಮುಚ್ಚಿದಮೇಲೂ, ಅಗೆದವರ ಸಾಮ್ರಾಜ್ಯವೇ ಅಳಿದಮೇಲೂ ಬೆಟ್ಟದ ಬಿಲಗಳಿಂದ ಹುಳಿನೀರು ಒಸರುತ್ತಲೇ ಇರುವುದೇಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಲು ಇಪ್ಪತ್ತನೆಯ ಶತಮಾನದ ನಡು ಬರಬೇಕಾಯಿತು.

ಉತ್ತರದ ಅರ್ಧ ಭಾಗ ಕಲ್ಲಿನಲ್ಲಿಯೇ ಇದೆ. ಅದಿರಿನ ಜೊತೆಗೆ, ಬಹು ಕಡೆ ಕಲ್ಲಿದ್ದಲಿನ ಜೊತೆಗೂ, ಪೈರೈಟ್ ಎಂಬ ಖನಿಜವಿರುತ್ತದೆ. ನೋಡಲು ಹಳದಿ, ಥಳಥಳ ಹೊಳಪು. ಚಿನ್ನವೆಂದು ನಂಬಿ ಮೂಟೆ ಕಟ್ಟಿ ಮೋಸಹೋದವರು ಎಷ್ಟೋ ಮಂದಿಯಿರುವುದರಿಂದ ಅದಕ್ಕೆ ಮೂರ್ಖರ ಚಿನ್ನವೆಂದೇ ಹೆಸರು ಬಂದಿದೆ. ಅದರಲ್ಲಿರುವುದು ಕಬ್ಬಿಣ ಮತ್ತು ಗಂಧಕ, ಒಂದಕ್ಕೆ ಎರಡರ ಪ್ರಮಾಣದಲ್ಲಿ. ಭೂಮಿಯ ಆಳದಲ್ಲಿ ಗಾಳಿ ಸೋಕದೆ ಇರುವಷ್ಟು ಕಾಲವೂ ಅದು ಸಾಧು. ಕೋಟ್ಯಂತರ ವರ್ಷ ಹಾಗೆಯೇ ಮಲಗಿರಬಲ್ಲುದು. ಮನುಷ್ಯ ಬಂದು ಬಂಡೆಯನ್ನೊಡೆದು, ಬೇಕಾದ ಲೋಹವನ್ನು ತೆಗೆದುಕೊಂಡು, ಬೇಡವಾದ ಪುಡಿಗಲ್ಲನ್ನು ಗುಡ್ಡೆ ಹಾಕಿ ಹೋಗುತ್ತಾನೆ. ಇಡಿಯ ಬೆಲ್ಲದುಂಡೆಗಿಂತ ಪುಡಿಮಾಡಿದ ಬೆಲ್ಲ ಬೇಗ ಕರಗುವಂತೆ, ಒಡೆದ ಕಲ್ಲಿಗೆ ಗಾಳಿಯೂ ನೀರೂ ಸಾವಿರ ಕಡೆಯಿಂದ ತಗಲುತ್ತವೆ. ಗಂಧಕ ಗಾಳಿಯ ಆಮ್ಲಜನಕದೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ಕಬ್ಬಿಣ ಆ ಆಮ್ಲದಲ್ಲಿ ಕರಗಿ ಹೊರಬೀಳುತ್ತದೆ.

ಇಲ್ಲಿಂದ ಮುಂದಿನ ಸಂಗತಿಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕರಗಿದ ಕಬ್ಬಿಣಕ್ಕೆ ಎರಡು ಅವಸ್ಥೆಗಳುಂಟು. ಮೊದಲನೆಯದು ಮೆತ್ತನೆಯ ಸ್ವಭಾವದ್ದು. ಅದರಿಂದ ಕಲ್ಲಿಗೆ ಭಯವಿಲ್ಲ. ಅದು ಆಮ್ಲಜನಕದ ಸಹವಾಸದಿಂದ ಎರಡನೆಯ ಅವಸ್ಥೆಗೆ ಏರಿದಾಗ ಮಾತ್ರ ಉಗ್ರವಾಗುತ್ತದೆ. ಈ ಉಗ್ರ ಕಬ್ಬಿಣ ಮತ್ತೆ ಪೈರೈಟಿನ ಮೇಲೆಯೇ ಎರಗಿ, ಗಾಳಿಗಿಂತಲೂ ಚುರುಕಾಗಿ ಅದನ್ನು ಕೊರೆದು, ಇನ್ನಷ್ಟು ಆಮ್ಲವನ್ನೂ ಇನ್ನಷ್ಟು ಮೆತ್ತನೆಯ ಕಬ್ಬಿಣವನ್ನೂ ಹೊರಡಿಸುತ್ತದೆ. ಕೊರೆಯುವ ಕೆಲಸದಲ್ಲಿ ತಾನೂ ಮೆತ್ತಗಾಗುತ್ತದೆ. ಆ ಮೆತ್ತನೆಯದು ಮತ್ತೆ ಉಗ್ರವಾಗಬೇಕು, ಮತ್ತೆ ಎರಗಬೇಕು. ಹೀಗೆ ಇದೊಂದು ಚಕ್ರ. ಚಕ್ರ ಎಷ್ಟು ಬೇಗ ತಿರುಗುತ್ತದೆಯೋ ಅಷ್ಟು ಬೇಗ ಬೆಟ್ಟ ಕರಗುತ್ತದೆ.

ಆದರೆ ಲೆಕ್ಕ ಹಾಕಿ ನೋಡಿದರೆ ಈ ಚಕ್ರ ಬೇಗ ತಿರುಗಲು ಸಾಧ್ಯವೇ ಇಲ್ಲ. ಸಾಧಾರಣ ನೀರಿನಲ್ಲಿ ಕಬ್ಬಿಣ ಗಾಳಿಗೆ ಸಿಕ್ಕಿ ನಿಮಿಷಗಳಲ್ಲಿ ಬದಲಾಗಬಲ್ಲುದಾದರೂ, ಹುಳಿನೀರಿನಲ್ಲಿ ಅದೇ ಬದಲಾವಣೆಗೆ ವರ್ಷಗಳು ಬೇಕು. ಎಂದರೆ ನೀರು ಹುಳಿಯಾದಷ್ಟೂ ಚಕ್ರ ತಾನಾಗಿಯೇ ನಿಧಾನವಾಗಿ, ಕೊನೆಗೆ ನಿಂತಂತೆಯೇ ಆಗಬೇಕು. ಪ್ರಕೃತಿಯೇ ಇಟ್ಟ ಬೀಗವೆನ್ನಬಹುದು. ಗಣಿಗಳಲ್ಲಿ ಕಾಣುವುದೋ ಇದಕ್ಕೆ ತೀರ ವಿರುದ್ಧ. ಹಾಗಾದರೆ ಬೀಗವನ್ನು ತೆಗೆಯುತ್ತಿರುವವರಾರು?

ಕಲ್ಲನ್ನು ತಿಂದು ಬದುಕುವ ಜೀವಿಗಳುಂಟೆಂಬ ಮಾತನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲು ಹೇಳಿದವನು ರಷ್ಯದ ವಿನೋಗ್ರಾದ್‌ಸ್ಕಿ. ಅನ್ನವಿಲ್ಲದೆ, ಬಿಸಿಲಿಲ್ಲದೆ, ಗಂಧಕವನ್ನೋ ಕಬ್ಬಿಣವನ್ನೋ ಬದಲಾಯಿಸಿ ಅದರಿಂದ ಬರುವ ಶಕ್ತಿಯಲ್ಲಿ ಜೀವಿಸುವ ಸೂಕ್ಷ್ಮಾಣುಗಳನ್ನು ಅವನು ತೋರಿಸಿದ. ೧೯೨೨ರಲ್ಲಿ ವಾಕ್ಸ್‌ಮನ್ ಮತ್ತು ಜಾಫೆ ಎಂಬಿಬ್ಬರು ಗಂಧಕವನ್ನು ಗಂಧಕಾಮ್ಲವಾಗಿಸಿ, ಆ ಆಮ್ಲದಲ್ಲಿಯೇ ಸುಖವಾಗಿ ಬಾಳುವ ಜೀವಿಯೊಂದನ್ನು ವರ್ಣಿಸಿದರು. ಈ ವಾಕ್ಸ್‌ಮನ್ನನೇ ಮುಂದೆ ಕ್ಷಯರೋಗಕ್ಕೆ ಔಷಧವಾದ ಸ್ಟ್ರೆಪ್ಟೊಮೈಸಿನ್ನಿನ ಸಂಶೋಧನೆಗಾಗಿ ೧೯೫೨ರ ನೊಬೆಲ್ ಪಾರಿತೋಷಕವನ್ನು ಪಡೆದವನು. ಗಣಿಯ ನೀರಿನ ಗುಟ್ಟು ಹೊರಬಿದ್ದದ್ದು ೧೯೪೭ರಲ್ಲಿ, ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ. ಅಲ್ಲಿಯ ಕಲ್ಲಿದ್ದಲ ಗಣಿಗಳಿಂದ ಹರಿಯುವ ಹುಳಿನೀರನ್ನು ಪರೀಕ್ಷಿಸಿದ ಕೋಲ್ಮರ್ ಮತ್ತು ಹಿಂಕಲ್ ಎಂಬವರು, ಸೂಕ್ಷ್ಮಜೀವಿಗಳಿರುವ ನೀರಿನಲ್ಲಿ ಕಬ್ಬಿಣ ಬೇಗ ಬದಲಾಗುವುದನ್ನೂ, ಅವು ಇಲ್ಲವಾದಾಗ ಆ ಬದಲಾವಣೆ ನಿಂತುಹೋಗುವುದನ್ನೂ ಕಂಡರು. ೧೯೫೧ರಲ್ಲಿ ಆ ಜೀವಿಗೆ ನಾಮಕರಣವಾಯಿತು: ಥಯೋಬ್ಯಾಸಿಲಸ್ ಫೆರ್ರೊಆಕ್ಸಿಡಾನ್ಸ್. ೨೦೦೦ದಲ್ಲಿ ಹೆಸರಿನ ಮೊದಲ ಭಾಗವನ್ನು ಪಂಡಿತರು ಅಸಿಡಿಥಯೋಬ್ಯಾಸಿಲಸ್ ಎಂದು ತಿದ್ದಿದರು. ಹೆಸರು ದೊಡ್ಡದಾಯಿತು, ಜೀವಿ ಇದ್ದಷ್ಟೇ ಇದೆ.

ಆ ಜೀವಿ ಎಷ್ಟು ಚಿಕ್ಕದೆಂದರೆ, ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಲ್ಲಿ ಐನೂರರಿಂದ ಸಾವಿರ ನಿಲ್ಲುತ್ತವೆ. ಅದರ ಸಂಸಾರ ಬಡ ಗುಮಾಸ್ತನ ಸಂಸಾರದಂತೆ. ಮೆತ್ತನೆಯ ಕಬ್ಬಿಣವನ್ನು ಉಗ್ರ ಕಬ್ಬಿಣವಾಗಿಸುವಾಗ ಬಿಡುಗಡೆಯಾಗುವ ಅತ್ಯಲ್ಪ ಶಕ್ತಿಯೇ ಅದರ ಸಂಬಳ. ಮೈಗೆ ಬೇಕಾದ ಇಂಗಾಲವನ್ನು ಗಿಡಗಳಂತೆ ಗಾಳಿಯಿಂದಲೇ ಪಡೆಯುತ್ತದೆ. ಆದರೆ ಗಿಡಕ್ಕೆ ಬಿಸಿಲಿನ ಕೊಡುಗೆಯಿದೆ, ಇದಕ್ಕೆ ಕತ್ತಲೆಯಲ್ಲಿ ಕಬ್ಬಿಣವೇ ಗತಿ. ಸಂಬಳ ಅಷ್ಟು ಕಡಿಮೆಯಾದ್ದರಿಂದ ಮೈಯನ್ನು ಒಂದಿಷ್ಟು ಬೆಳೆಸಬೇಕಾದರೂ ಮೈಯ ತೂಕದ ಎಷ್ಟೋ ಪಾಲು ಕಬ್ಬಿಣವನ್ನು ಬದಲಾಯಿಸಬೇಕು. ಹೊಟ್ಟೆಗೆ ಸಾಲದೆ ಹಗಲಿರುಳು ದುಡಿಯುವ ಈ ಬಡತನದಿಂದಲೇ ಅದರ ಕೆಲಸ ಅಷ್ಟು ದೊಡ್ಡದಾಗುವುದು. ಮನೆಯ ಹೊರಗೆ ನಿಂಬೆರಸದಂಥ ಹುಳಿಯಿದ್ದರೂ ಒಳಗೆ ಅದು ಬಿಡುವುದಿಲ್ಲ. ಬಾಗಿಲಲ್ಲಿಯೇ ತಡೆದು, ಮೈಯೊಳಗಿನ ನೀರನ್ನು ಹೆಚ್ಚುಕಡಮೆ ಸಾಧಾರಣ ನೀರಿನಂತೆಯೇ ಕಾಪಾಡಿಕೊಳ್ಳುತ್ತದೆ.

ಈ ಬಡ ಸಂಸಾರಿಗಳು ಸೇರಿ ಮಾಡುವುದೆಷ್ಟೆಂಬುದನ್ನು ೧೯೭೦ರಲ್ಲಿ ಸಿಂಗರ್ ಮತ್ತು ಸ್ಟುಮ್ ಎಂಬ ವಿಜ್ಞಾನಿಗಳು ಅಳೆದು ಹೇಳಿದರು. ಹುಳಿನೀರಿನಲ್ಲಿ ಕಬ್ಬಿಣದ ಬದಲಾವಣೆ ತಾನಾಗಿ ನಡೆಯುವ ವೇಗಕ್ಕೂ, ಜೀವಿಗಳ ಕೈಯಲ್ಲಿ ನಡೆಯುವ ವೇಗಕ್ಕೂ ಇರುವ ಅಂತರ ಹತ್ತು ಲಕ್ಷ ಪಟ್ಟಿನ ಅಂದಾಜಿನದು. ಪ್ರಕೃತಿ ಇಟ್ಟ ಬೀಗವನ್ನು ತೆಗೆದವರು ಸಿಕ್ಕಿದರು. ಮುಂದಿನ ವರ್ಷಗಳಲ್ಲಿ ಅವರ ಬಂಧುಬಳಗವೂ ಒಂದೊಂದಾಗಿ ಬೆಳಕಿಗೆ ಬಂತು. ತಿಂತೋದಂಥ ನೀರಿನಲ್ಲಿ ಒಂದೇ ಜಾತಿಯಲ್ಲ, ಹಲವು ಜಾತಿಗಳು ಒಕ್ಕಲಾಗಿ ಬಾಳುತ್ತವೆ. ಹುಳಿ ಏರಿದಂತೆ ಒಂದು ಹಿಂದೆ ಸರಿದು ಇನ್ನೊಂದಕ್ಕೆ ಜಾಗ ಬಿಡುತ್ತದೆ.

ಹುಳಿ ಎಷ್ಟರವರೆಗೆ ಏರಬಹುದು? ಇದಕ್ಕೆ ಸ್ಪೇನನ್ನು ಬಿಟ್ಟು ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ಹೋಗಬೇಕು. ಅಲ್ಲಿ ರೆಡಿಂಗ್ ಎಂಬ ಊರಿನ ಬಳಿ ಕಬ್ಬಿಣದ ಬೆಟ್ಟವೆಂದೇ ಹೆಸರಾದ ಐರನ್ ಮೌಂಟನ್ ಇದೆ. ೧೮೬೦ರ ದಶಕದಿಂದ ೧೯೬೩ರವರೆಗೆ ಅದರ ಹೊಟ್ಟೆಯಿಂದ ಬೆಳ್ಳಿ, ಚಿನ್ನ, ತಾಮ್ರ, ಸತು, ಪೈರೈಟ್‌ಗಳನ್ನು ತೆಗೆದರು. ಬೆಟ್ಟ ಜಾಲರಿಯಂತಾಯಿತು; ಗಾಳಿ ಒಳಗೆಲ್ಲ ಆಡಿತು. ರಾಸಾಯನಿಕ ಕ್ರಿಯೆಯ ಕಾವಿಗೆ ಒಳಗಿನ ನೀರು ೪೭ ಡಿಗ್ರಿಯವರೆಗೆ ಬಿಸಿಯಾಗಿ, ಆರಿ, ಗಟ್ಟಿಯಾಯಿತು. ಒಂದು ಕಡೆಯ ತೊಟ್ಟಿಕ್ಕುವ ನೀರನ್ನು ೧೯೯೦ರ ದಶಕದ ಮೊದಲಲ್ಲಿ ಹಿಡಿದು ಅಳೆದಾಗ ಅದರ ಅಂಕ ಸೊನ್ನೆಗಿಂತಲೂ ಕೆಳಗಿಳಿದು ಋಣ ೩.೬ಕ್ಕೆ ಬಂದಿತ್ತು. ಮಾನಕ್ಕೆ ಸೊನ್ನೆಯೇ ಕೊನೆಯೆಂದು ತರಗತಿಯಲ್ಲಿ ಕಲಿತವರು ಬೆರಗಾಗಬೇಕಾದ ಸಂಗತಿ. ಅದೇ ಗಣಿಯ ಕೊಳೆನೀರಿನ ಮೇಲೆ ನಸುಗೆಂಪಾದ ಕೆನೆಯೊಂದು ತೇಲುತ್ತದೆ. ಅದು ಈ ಸೂಕ್ಷ್ಮಜೀವಿಗಳ ಸಂಸಾರ. ೨೦೦೪ರಲ್ಲಿ ಜಿಲಿಯನ್ ಬ್ಯಾನ್‌ಫೀಲ್ಡ್ ಎಂಬ ವಿದುಷಿಯೂ ಅವರ ಸಂಗಡಿಗರೂ ಆ ಕೆನೆಯಲ್ಲಿನ ಜೀವಿಗಳ ಅನುವಂಶಿಕ ಲಿಪಿಯನ್ನು, ಒಂದೊಂದನ್ನೂ ಬೇರೆಯಾಗಿ ಸಾಕದೆ, ಇಡೀ ಸಮೂಹದಿಂದಲೇ ಓದಿ ತೆಗೆದರು. ವಿಜ್ಞಾನಕ್ಕೆ ಅದೊಂದು ದೊಡ್ಡ ಹೆಜ್ಜೆ.

ಬೆಟ್ಟದ ಕೆಳಗೆ ಬಾಳುವವರಿಗೆ ಈ ಹೆಜ್ಜೆಯಿಂದ ಸಮಾಧಾನವಾಗಲಾರದು. ಹುಳಿನೀರು ತಾನೊಂದೇ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದ ತಾಮ್ರ, ಸತು, ಕ್ಯಾಡ್ಮಿಯಮ್ಮುಗಳನ್ನೂ ಕರಗಿಸಿಕೊಂಡು ಬರುತ್ತದೆ. ಐರನ್ ಮೌಂಟನ್ನಿನ ನೀರು ಸ್ಯಾಕ್ರಮೆಂಟೋ ನದಿಯನ್ನು ಸೇರಿ ಸಾಮನ್ ಮೀನುಗಳನ್ನು ಕೊಂದದ್ದು ಒಂದೆರಡು ಸಲವಲ್ಲ. ೧೯೮೩ರಲ್ಲಿ ಅಮೆರಿಕದ ಸರ್ಕಾರ ಈ ಬೆಟ್ಟವನ್ನು ದೇಶದ ಅತ್ಯಂತ ಮಲಿನ ಸ್ಥಳಗಳ ಪಟ್ಟಿಗೆ ಸೇರಿಸಿತು. ೧೯೯೦ರ ದಶಕದಿಂದ ಅಲ್ಲಿ ಹೊರಬರುವ ನೀರನ್ನು ಹಿಡಿದು, ಸುಣ್ಣ ಬೆರೆಸಿ, ಹುಳಿ ಮುರಿದು ಬಿಡುತ್ತಿದ್ದಾರೆ. ಈ ಕೆಲಸ ಎಷ್ಟು ಕಾಲ ನಡೆಯಬೇಕು? ಒಳಗಿರುವ ಪೈರೈಟ್ ಈಗಿನ ವೇಗದಲ್ಲಿ ಕರಗಿ ಮುಗಿಯಲು ಸುಮಾರು ೩೦೦೦ ವರ್ಷ ಬೇಕೆಂದು ಲೆಕ್ಕ ಹಾಕಿದ್ದಾರೆ. ನೂರು ವರ್ಷದ ದುಡಿಮೆಗೆ ಮೂರು ಸಾವಿರ ವರ್ಷದ ಸಾಲ! ಅಷ್ಟು ಕಾಲ ನಿಂತ ರಾಜ್ಯವೊಂದು ಚರಿತ್ರೆಯಲ್ಲಿ ಎಲ್ಲಿದೆ? ಯಾವ ಸರ್ಕಾರ, ಯಾವ ಕಂಪನಿ, ಯಾವ ಪತ್ರದ ಮೇಲಿನ ರುಜು ಅಲ್ಲಿಯವರೆಗೆ ಬಾಳೀತು?

ಹಾಗಾದರೆ ತಪ್ಪು ಆ ಸೂಕ್ಷ್ಮಜೀವಿಯದೇ? ಈ ಪ್ರಶ್ನೆಗೆ ತಿಂತೋ ನದಿಯೇ ಒಂದು ಉತ್ತರ ಕೊಟ್ಟಿದೆ. ನದಿಯ ಇಕ್ಕೆಲದಲ್ಲಿ, ಈಗಿನ ನೀರಿಗಿಂತ ಎತ್ತರದಲ್ಲಿ, ಕಬ್ಬಿಣದ ತುಕ್ಕಿನಿಂದಾದ ಹಳೆಯ ಮೆಟ್ಟಿಲುಗಳಂಥ ಪದರಗಳಿವೆ. ಅವು ಮನುಷ್ಯ ಅಲ್ಲಿ ಗುದ್ದಲಿ ಹಿಡಿಯುವುದಕ್ಕಿಂತ ಬಹು ಹಿಂದಿನವು. ಎಂದರೆ ಮಳೆ ಗಾಳಿಗೆ ಸವೆದು ಬಯಲಾದ ಅದಿರಿನ ಮೇಲೆ ಈ ಜೀವಿಗಳು ಗಣಿಗಾರರಿಗಿಂತ ಮೊದಲೇ ಕೆಲಸ ನಡೆಸಿದ್ದುವು. ಮಂಗಳಗ್ರಹದಲ್ಲಿ ಎಂದಾದರೂ ಜೀವವಿದ್ದಿತೇ ಎಂದು ಹುಡುಕುವವರು ಈ ನದಿಯ ದಡದಲ್ಲಿ ಬೀಡು ಬಿಟ್ಟಿರುವುದು ಅದಕ್ಕಾಗಿಯೇ. ತಿಂತೋದ ದಡದಲ್ಲಿ ಹುಳಿನೀರು ಆರಿದಾಗ ಉಳಿಯುವ ಜಾರೊಸೈಟ್ ಎಂಬ ಖನಿಜವನ್ನು ೨೦೦೪ರಲ್ಲಿ ಆಪರ್ಚುನಿಟಿ ಎಂಬ ಯಂತ್ರ ಮಂಗಳದ ಬಂಡೆಗಳಲ್ಲಿಯೂ ಕಂಡಿತು. ಪ್ರಕೃತಿ ಇಂಥ ನದಿಯನ್ನು ತಾನೂ ಮಾಡಬಲ್ಲುದು. ಆದರೆ ಅದು ಬಂಡೆಯ ಮೇಲ್ಮೈಯನ್ನಷ್ಟೇ, ಉಗುರಿನಿಂದ ಕೆರೆದಂತೆ, ಯುಗಯುಗಗಳಲ್ಲಿ ತೆರೆಯುತ್ತದೆ. ಮನುಷ್ಯ ಬೆಟ್ಟದ ಎದೆಯನ್ನೇ ಸೀಳಿ, ಒಳಗಿನದನ್ನು ಪುಡಿಮಾಡಿ, ಒಂದೇ ತಲೆಮಾರಿನಲ್ಲಿ ಗಾಳಿಗೆ ಹರವುತ್ತಾನೆ. ಜೀವಿ ಅಂದು ಮಾಡಿದ ಕೆಲಸವನ್ನೇ ಇಂದೂ ಮಾಡುತ್ತಿದೆ. ಬೇರೆಯಾದದ್ದು ಅದರ ಮುಂದೆ ಬಡಿಸಿದ ಎಲೆ.

ಅದೇ ಜೀವಿಯನ್ನು ಸರಿಯಾದ ಜಾಗದಲ್ಲಿಟ್ಟು ದುಡಿಸಿಕೊಂಡರೆ ಉಪಕಾರವೂ ಉಂಟು. ಗಣಿಯಿಂದ ಬರುವ ತಾಮ್ರದ ನೀರಿನಲ್ಲಿ ಹಳೆಯ ಕಬ್ಬಿಣದ ಚೂರುಗಳನ್ನು ಹಾಕಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಕಬ್ಬಿಣವೇ ತಾಮ್ರವಾಯಿತೆಂದು ಹಿಂದಿನ ರಸವಾದಿಗಳು ಬೆರಗಾದದ್ದು ಇದನ್ನು ಕಂಡೇ. ತಿಂತೋದ ಗಣಿಗಳಲ್ಲಿ ಈ ವಿಧಾನದಿಂದ ಬಹುಕಾಲ ತಾಮ್ರ ತೆಗೆದರು. ತಾಮ್ರವನ್ನು ಕಲ್ಲಿನಿಂದ ಬಿಡಿಸಿ ನೀರಿಗಿಳಿಸುತ್ತಿದ್ದ ಕೂಲಿಯಾಳುಗಳಾರೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೯೫೮ರಲ್ಲಿ ಅಮೆರಿಕದ ಗಣಿ ಕಂಪನಿಯೊಂದು ಈ ಕೂಲಿಯಾಳುಗಳನ್ನು ತಿಳಿದು ತಿಳಿದೇ ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆಯಿತು. ೧೯೮೬ರಿಂದ ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ ಪೈರೈಟಿನೊಳಗೆ ಸಿಕ್ಕಿಕೊಂಡ ಚಿನ್ನವನ್ನು ಬಿಡಿಸಲು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಇವನ್ನು ಸಾಕತೊಡಗಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಪ್ರೊಫೆಸರ್ ಕೆ. ಎ. ನಟರಾಜನ್ನರೂ ಅವರ ಶಿಷ್ಯರೂ ಖನಿಜಗಳ ಮೇಲೆ ಸೂಕ್ಷ್ಮಜೀವಿಗಳ ಕೆಲಸವನ್ನು ದಶಕಗಳ ಕಾಲ ಅಭ್ಯಾಸಮಾಡಿದ್ದಾರೆ. ತೊಟ್ಟಿಯಲ್ಲಿದ್ದಾಗ ಸೇವಕ, ಬೆಟ್ಟದಲ್ಲಿ ಬಿಟ್ಟಾಗ ಉಪದ್ರವಿ. ವ್ಯತ್ಯಾಸವಿರುವುದು ಯಜಮಾನನ ಎಚ್ಚರದಲ್ಲಿ.

ಎಚ್ಚರ ತಪ್ಪಿದುದರ ಉದಾಹರಣೆಯನ್ನು ದೂರದೇಶದಲ್ಲಿಯೇ ಹುಡುಕಬೇಕಾಗಿಲ್ಲ. ಈಶಾನ್ಯ ಭಾರತದ ಮೇಘಾಲಯದಲ್ಲಿ ಜಯಂತಿಯಾ ಬೆಟ್ಟಗಳಿವೆ. ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಮನುಷ್ಯನೊಬ್ಬ ಬಗ್ಗಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಇಲಿಬಿಲಗಳಂಥ ಸುರಂಗಗಳನ್ನು ಲೆಕ್ಕವಿಲ್ಲದಷ್ಟು ತೋಡಿ, ಇದ್ದಲನ್ನು ತೆಗೆದು, ಬಿಲಗಳನ್ನು ಹಾಗೆಯೇ ಬಾಯ್ದೆರೆದು ಬಿಟ್ಟರು. ಮಳೆಗೆ ಹೆಸರಾದ ಆ ನಾಡಿನಲ್ಲಿ ನೀರಿಗೆ ಬರವಿಲ್ಲ. ಬಿಲಗಳಲ್ಲಿ ಗಾಳಿಗೂ ತಡೆಯಿಲ್ಲ. ಲುಖಾ, ಮಿಂತ್ದು ಮೊದಲಾದ ನದಿಗಳ ನೀರು ಹುಳಿಯಾಯಿತು, ಮೀನು ಮರೆಯಾಯಿತು. ಆ ಬೆಟ್ಟಗಳ ನೀರನ್ನು ಹೊತ್ತ ಕೋಪಿಲಿ ನದಿ ಅಸ್ಸಾಮಿನ ಗಡಿಯಲ್ಲಿರುವ ಜಲವಿದ್ಯುತ್ ಕೇಂದ್ರದ ಉಕ್ಕಿನ ಯಂತ್ರಗಳನ್ನೇ ಕೊರೆದುಹಾಕಿತು. ೨೦೧೪ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠ ಅಲ್ಲಿಯ ಇಲಿಬಿಲದ ಗಣಿಗಾರಿಕೆಯನ್ನು ನಿಷೇಧಿಸಿತು. ಕಾನೂನಿನ ಕ್ರಮದಂತೆ ಅನುಮತಿ ಪಡೆದು ಗಣಿ ನಡೆಸಬಹುದೆಂದು ಸುಪ್ರೀಮ್ ಕೋರ್ಟು ೨೦೧೯ರಲ್ಲಿ ಹೇಳಿತು. ಆಜ್ಞೆ ಗುದ್ದಲಿ ಹಿಡಿದ ಕೈಯನ್ನು ತಡೆಯಬಲ್ಲುದು. ಬಿಲದೊಳಗೆ ಆಗಲೇ ಮನೆಮಾಡಿದ ಸೂಕ್ಷ್ಮಜೀವಿಗೆ ಯಾವ ನ್ಯಾಯಾಲಯದ ಆಜ್ಞೆಯನ್ನು ಮುಟ್ಟಿಸಬೇಕು?

ಪರಿಹಾರವೇ ಇಲ್ಲವೆಂದಲ್ಲ, ಇರುವುದೆಲ್ಲವೂ ಗಣಿ ತೆರೆಯುವುದಕ್ಕೆ ಮೊದಲೇ ಯೋಚಿಸಿದರೆ ಅಗ್ಗ, ಆಮೇಲೆ ದುಬಾರಿ. ಅಮೆರಿಕದಲ್ಲಿ ೧೯೩೦ರ ದಶಕದಲ್ಲಿಯೇ ಪಾಳು ಗಣಿಗಳ ಬಾಯನ್ನು ಮುಚ್ಚಿ ಗಾಳಿಯನ್ನು ತಡೆಯುವ ಕೆಲಸವನ್ನು ನಿರುದ್ಯೋಗಿಗಳಿಗೆ ಕೊಟ್ಟು ಮಾಡಿಸಿದರು; ಬಿರುಕುಗಳೆಲ್ಲವನ್ನೂ ಮುಚ್ಚುವುದು ಕಷ್ಟವಾದ್ದರಿಂದ ಫಲ ಅರೆಬರೆ. ಉಳಿಕೆಯ ಕಲ್ಲನ್ನು ನೀರಿನಡಿಯಲ್ಲಿ ಮುಳುಗಿಸಿಡುವುದು, ಜೇಡಿಮಣ್ಣಿನ ಹೊದಿಕೆ ಹೊದಿಸುವುದು, ಇವೆರಡೂ ಆಮ್ಲಜನಕವನ್ನು ದೂರವಿಡುವ ಉಪಾಯಗಳು. ಸುಣ್ಣಕಲ್ಲಿನ ಕಾಲುವೆಯಲ್ಲಿ ಹರಿಸಿದರೆ ಹುಳಿ ಇಳಿಯುತ್ತದೆ, ಆದರೆ ಕೆಲವು ಕಾಲದಲ್ಲಿ ಸುಣ್ಣಕಲ್ಲಿನ ಮೈಗೆ ತುಕ್ಕಿನ ಹೊರೆ ಕಟ್ಟಿ ಅದರ ಗುಣ ಕುಂದುತ್ತದೆ. ಸಾಬೂನಿನ ಜಾತಿಯ ಮಾರ್ಜಕವನ್ನು ಕಲ್ಲಿನ ಗುಡ್ಡೆಗಳ ಮೇಲೆ ಸಿಂಪಡಿಸಿ ಜೀವಿಗಳನ್ನು ಕೊಂದು ನೋಡಿದ್ದೂ ಉಂಟು; ಮಳೆಗೆ ಸಾಬೂನು ತೊಳೆದುಹೋಗುತ್ತದೆ, ಜೀವಿಗಳು ಮರಳಿ ಬರುತ್ತವೆ. ಎಲ್ಲಕ್ಕಿಂತ ಸೊಗಸಾದ ಉಪಾಯವೆಂದರೆ ಜೌಗುನೆಲವನ್ನು ಸಿದ್ಧಮಾಡಿ ನೀರನ್ನು ಅದರೊಳಗೆ ಹಾಯಿಸುವುದು. ಅಲ್ಲಿಯ ಕೆಸರಿನಲ್ಲಿ ಗಾಳಿಯಿಲ್ಲದೆಡೆ ಬಾಳುವ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಮೊದಲಿನವರು ಮಾಡಿದ್ದನ್ನು ಹಿಂದಿರುಗಿಸಿ, ಗಂಧಕವನ್ನು ಮತ್ತೆ ಲೋಹದೊಡನೆ ಕಟ್ಟಿ ಕೆಸರಿನಲ್ಲಿ ಮಲಗಿಸುತ್ತವೆ. ಕೆಡಿಸಿದವರ ಕುಲದವರೇ ರಿಪೇರಿಗೂ ಒದಗುತ್ತಾರೆ. ಹುಳಿ ಮಿತಿಯಲ್ಲಿದ್ದರೆ, ನೆಲ ವಿಶಾಲವಾಗಿದ್ದರೆ, ನೋಡಿಕೊಳ್ಳುವವರಿದ್ದರೆ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ.

ನೋಡಿಕೊಳ್ಳುವವರಿದ್ದರೆ ಎಂಬ ಮಾತೇ ಇಲ್ಲಿ ಮುಖ್ಯ. ಒಂದು ಗಣಿಯ ಲೆಕ್ಕದ ಪುಸ್ತಕದಲ್ಲಿ ಯಂತ್ರದ ಬೆಲೆಯಿರುತ್ತದೆ, ಕೂಲಿಯಿರುತ್ತದೆ, ಲೋಹದ ಮಾರಾಟವಿರುತ್ತದೆ. ಗಣಿ ಮುಚ್ಚಿದ ದಿನ ಪುಸ್ತಕವನ್ನೂ ಮುಚ್ಚುತ್ತಾರೆ. ಬೆಟ್ಟದೊಳಗಿನ ಲೆಕ್ಕ ಆ ದಿನ ಮುಗಿಯುವುದಿಲ್ಲ. ತಿಂತೋದ ಗಣಿ ೨೦೦೧ರಲ್ಲಿ ಮುಚ್ಚಿ, ೨೦೧೫ರಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ತೆರೆಯಿತು. ನಡುವಿನ ಆ ವರ್ಷಗಳಲ್ಲಿ ಯಂತ್ರಗಳು ಮೌನವಾಗಿದ್ದುವು. ನದಿಯ ಹುಳಿ ಮಾತ್ರ ಇಳಿಯಲಿಲ್ಲ. ತಾಮ್ರದ ತಂತಿಯಿಲ್ಲದೆ ದೀಪ ಹತ್ತದು, ಫ್ಯಾನು ತಿರುಗದು. ಆದ್ದರಿಂದ ಗಣಿಯೇ ಬೇಡವೆನ್ನುವುದು ಸುಲಭದ ಮಾತಲ್ಲ. ಆದರೆ ಆ ತಂತಿಗೆ ಅಂಗಡಿಯಲ್ಲಿ ಕೊಟ್ಟ ಬೆಲೆಯೇ ಅದರ ಪೂರ್ತಿ ಬೆಲೆಯಲ್ಲ. ಉಳಿದ ಬಾಕಿಯನ್ನು ಯಾವುದೋ ಬೆಟ್ಟದ ಕೆಳಗೆ, ಯಾವುದೋ ಹೊಳೆಯ ದಡದಲ್ಲಿ, ಇನ್ನೂ ಹುಟ್ಟದ ಮಕ್ಕಳು ಕಟ್ಟಬೇಕಾಗುತ್ತದೆ. ಹೊಗೆಯನ್ನು ಕಂಡ ೧೮೮೮ರ ಜನ ಚೌಕದಲ್ಲಿ ನಿಂತು ಕೇಳಿದರು. ಈ ಮಕ್ಕಳು ಹಾಗೆ ಬಂದು ಕೇಳುವಂತಿಲ್ಲ. ಅವರ ಪರವಾಗಿ ಇಂದಿನವರೇ, ಗುದ್ದಲಿ ನೆಲಕ್ಕೆ ಬೀಳುವುದಕ್ಕೆ ಮೊದಲು, ಕೇಳಬೇಕು.